ಪುಟದ ಹಿಂಬದಿ

ನಮ್ಮ ಮೇಜಿಗೆ ಕೋಣೆ ಇರಲಿಲ್ಲ. ಅದು ಕಾರಿಡಾರಿನಲ್ಲಿತ್ತು. ಒಂದು ಬದಿಗೆ ಮಕ್ಕಳ ಒದ್ದೆ ಕೋಟುಗಳ ಸಾಲು, ಇನ್ನೊಂದು ಬದಿಗೆ ಹುಡುಗಿಯರ ಶೌಚಾಲಯದ ಬಾಗಿಲು. ಯಾರು ಹೋದರೂ ಬಂದರೂ ನಮ್ಮ ಮೇಜಿಗೆ ಸೊಂಟ ತಾಗಿಸಿಯೇ ದಾಟಬೇಕು. ಆರನೆಯ ತರಗತಿಯಲ್ಲಿ ಮೂವತ್ತು ಮಕ್ಕಳಿದ್ದರು. ಇಪ್ಪತ್ತೊಂಬತ್ತು ಮಂದಿ ಒಳಗೆ. ಒಬ್ಬಳು ಹೊರಗೆ, ನನ್ನ ಜೊತೆ.

ಹೊರಗಿದ್ದವಳು ಲೆಮಂಟೀನಾ ಬಕ್ಲಂಡ್. ಕರೆಯುವುದಕ್ಕೆ ಲೆಮಿ. ಜಿಪ್ಸಿ ಹುಡುಗಿ. ಊರಿನ ಕೊಳಚೆ ನೀರನ್ನು ಸೋಸುವ ಘಟಕದ ಹಿಂದೆ ಕೌನ್ಸಿಲ್ಲಿನವರು ಹಾಸಿಕೊಟ್ಟ ಸಿಮೆಂಟಿನ ಮೇಲೆ ಅವಳ ಅಜ್ಜಿಯ ಗಾಲಿಮನೆ, ಕ್ಯಾರವಾನ್, ನಿಂತಿತ್ತು. ಜಾಗ ಕೊಟ್ಟವರೇ ವಾಸನೆಯನ್ನೂ ಕೊಟ್ಟರು. ಆಮೇಲೆ ಆ ವಾಸನೆ ಅವರದೇ ಎಂದರು. ಸೆಪ್ಟೆಂಬರಿನಲ್ಲಿ ಇಬ್ಬರು ತಾಯಂದಿರು ಶಾಲೆಗೆ ಬಂದು ತಮ್ಮ ಮಕ್ಕಳ ಪಕ್ಕ ಅವಳನ್ನು ಕೂರಿಸಕೂಡದೆಂದರು. ಮರುದಿನ ತರಗತಿಯ ಟೀಚರ್ ಮಿಸ್ ಪ್ರಿಡ್ಜನ್ ನನ್ನನ್ನು ಕರೆದು, ಲೆಮಿಗೆ ಸ್ವಲ್ಪ ನೆಮ್ಮದಿಯ ಜಾಗ ಬೇಕು ಎಂದಳು. ನೆಮ್ಮದಿಯ ಜಾಗವೆಂದರೆ ಶೌಚಾಲಯದ ಬಾಗಿಲು.

ನಾನು ಗ್ಲೆಂಡಾ ಸ್ಟಾರ್ಕಿ. ತರಗತಿಯ ಸಹಾಯಕಿ. ಮೂಗು ಒರೆಸುವುದು, ವಾಂತಿ ಬಳಿಯುವುದು, ಒಳಗೆ ಬೇಡವಾದ ಮಗುವನ್ನು ಹೊರಗೆ ಕಾಯುವುದು ನನ್ನ ಕೆಲಸ. ಅದಕ್ಕೆ ಮೊದಲು ಹತ್ತೊಂಬತ್ತು ವರ್ಷ ನಮ್ಮ ಬಂದರಿನ ಕಟ್ಟೆಯಲ್ಲಿ ನಿಂತು ಮೀನು ಕೊಯ್ದೆ. ಐಸು ಬೆರೆತ ನೀರು, ರಬ್ಬರಿನ ಬೂಟು, ಒಂದೇ ಚೂರಿ. ಹದಿನೈದಕ್ಕೆ ಶಾಲೆ ಬಿಟ್ಟವಳು. ವಿರಾಮಚಿಹ್ನೆಗಳನ್ನು ನಾನು ಕಲಿತದ್ದು ಸಂತೆಯಲ್ಲಿ ರಾಶಿ ಹಾಕಿ ಮಾರುವ, ರಟ್ಟು ಕಳೆದುಕೊಂಡ ಕಾದಂಬರಿಗಳಿಂದ. ಕೊನೆಯ ಪುಟಗಳೂ ಎಷ್ಟೋ ಸಲ ಇರುತ್ತಿರಲಿಲ್ಲ. ಕೊಲೆಗಾರ ಯಾರೆಂದು ತಿಳಿಯದಿದ್ದರೂ ವಾಕ್ಯ ಎಲ್ಲಿ ನಿಲ್ಲುತ್ತದೆಂದು ತಿಳಿಯಿತು.

ಒಳಗಿನವರು ಅಲ್ಪವಿರಾಮವನ್ನು ಕಲಿಯುತ್ತಿದ್ದ ವಿಧಾನವೇ ಬೇರೆ. ಹೆಡ್‌ಮಾಸ್ಟರ್ ಹಾಲ್ಡನ್‌ಬಿ ಯಾವುದೋ ತರಬೇತಿಗೆ ಹೋಗಿ, ಹೋಟೆಲಿನ ಊಟ ಉಂಡು, ಕಾಮಾ ಕರಾಟೆ ಎಂಬುದನ್ನು ಹೊತ್ತು ತಂದಿದ್ದರು. ವಾಕ್ಯ ಓದುವಾಗ ಪೂರ್ಣವಿರಾಮ ಬಂದರೆ ಮುಷ್ಟಿ ಚಾಚಿ ‘ಹಾ’ ಎನ್ನಬೇಕು. ಅಲ್ಪವಿರಾಮ ಬಂದರೆ ಬಲಗೈ ಎತ್ತಿ, ಗಾಳಿಯಲ್ಲಿ ಒಂದು ಬಾಲ ತಿರುವಿ ‘ಸುಯ್’ ಎನ್ನಬೇಕು. ಶುಕ್ರವಾರ ಇಡೀ ಶಾಲೆ ಸಭಾಂಗಣದಲ್ಲಿ ನಿಂತು ಸುಯ್ ಎನ್ನುತ್ತಿತ್ತು. ಹಾಲ್ಡನ್‌ಬಿ ವೇದಿಕೆಯ ಮೇಲೆ ಟೈ ಹಾರಿಸುತ್ತ ಕುಣಿಯುತ್ತಿದ್ದರು. ನೋಡಲು ಬಂದ ಅತಿಥಿಗಳು ಚಪ್ಪಾಳೆ ತಟ್ಟುತ್ತಿದ್ದರು. ಆ ಮಕ್ಕಳ ಪುಸ್ತಕ ತೆರೆದರೆ ಪುಟದ ಮೇಲಿಂದ ಕೆಳಗಿನವರೆಗೆ ಒಂದು ಅಲ್ಪವಿರಾಮವೂ ಇರುತ್ತಿರಲಿಲ್ಲ. ಎಲ್ಲವೂ ಗಾಳಿಗೆ ಹೋಗಿತ್ತು.

ಲೆಮಿ ಫೆಬ್ರವರಿ, ಮಾರ್ಚ್ ಎರಡೂ ತಿಂಗಳು ಶಾಲೆಗೆ ಬರಲಿಲ್ಲ. ಅದು ಡ್ಯಾಫೊಡಿಲ್ ಎಂಬ ಹಳದಿ ಹೂವನ್ನು ಕೀಳುವ ಕಾಲ. ಅಜ್ಜಿಯ ಜೊತೆ ದಕ್ಷಿಣದ ಹೊಲಗಳಿಗೆ ಹೋದಳು. ಆ ಹೂವಿನ ದಂಟು ಮುರಿದರೆ ಲೋಳೆಯಂಥ ಹಾಲು ಸುರಿಯುತ್ತದೆ. ಅದು ತಾಗಿದ ಚರ್ಮ ಸುಡುತ್ತದೆ, ಬಿರಿಯುತ್ತದೆ. ದೊಡ್ಡವರಿಗೆ ಕೈಗವಸು ಉಂಟು. ಮಕ್ಕಳ ಅಳತೆಯ ಕೈಗವಸನ್ನು ಯಾರೂ ಕೊಡುವುದಿಲ್ಲ, ಯಾಕೆಂದರೆ ಕಾನೂನಿನ ಪ್ರಕಾರ ಅಲ್ಲಿ ಮಕ್ಕಳೇ ಇಲ್ಲ. ಏಪ್ರಿಲ್‌ನಲ್ಲಿ ಅವಳು ಹಿಂದಿರುಗಿದಾಗ ಹತ್ತು ಬೆರಳುಗಳೂ ಊದಿ, ಗಂಟುಗಳಲ್ಲಿ ಸೀಳಿ, ಅಜ್ಜಿ ಹಚ್ಚಿದ ಹಂದಿಯ ಕೊಬ್ಬಿನಿಂದ ಹೊಳೆಯುತ್ತಿದ್ದವು.

ಬಂದ ಮೊದಲ ಶುಕ್ರವಾರವೇ ಹಾಲ್ಡನ್‌ಬಿ ಅವಳನ್ನು ವೇದಿಕೆಗೆ ಕರೆದರು. ಎರಡು ತಿಂಗಳು ರಜೆ ಹೊಡೆದವರಿಗೆ ಕಾಮಾ ನೆನಪಿದೆಯೋ ನೋಡೋಣ ಎಂದರು. ಇನ್ನೂರು ಮಕ್ಕಳು ನಕ್ಕರು. ಅವಳು ಕೈ ಎತ್ತಿದಳು. ಬೆರಳು ಮಡಚಲಿಲ್ಲ. ಕೈಯನ್ನು ತಿರುವಲು ಹೋದಳು. ಗಂಟಿನ ಮೇಲಿನ ಸೀಳು ಬಾಯಿ ಬಿಟ್ಟಿತು. ಒಂದು ಹನಿ ರಕ್ತ ಮಣಿಕಟ್ಟಿನವರೆಗೆ ಇಳಿಯಿತು. ಮುಂದಿನ ಸಾಲಿನವರಿಗೆ ಅದು ಕಂಡಿತು. ಹಾಲ್ಡನ್‌ಬಿಗೂ ಕಂಡಿತು.

“ಇದು ಕಾಮಾ ಅಲ್ಲಮ್ಮಾ, ಏಡಿಕಾಲು,” ಎಂದರು.

ಸಭಾಂಗಣ ಮತ್ತೆ ನಕ್ಕಿತು. ಟೀಚರುಗಳೂ ನಕ್ಕರು. ಮಿಸ್ ಪ್ರಿಡ್ಜನ್ ನಗಲಿಲ್ಲ. ತನ್ನ ಶೂಗಳನ್ನು ನೋಡಿಕೊಂಡಳು. ತನ್ನ ಶೂ ನೋಡಿಕೊಳ್ಳುವುದು ಅವಳಿಗೆ ಗೊತ್ತಿದ್ದ ಒಂದೇ ಪ್ರತಿಭಟನೆ.

ಕಾರಿಡಾರಿಗೆ ಬಂದ ಮೇಲೆ ನಾನು ಕಾಗದದ ಟವೆಲ್ ಒದ್ದೆ ಮಾಡಿ ಅವಳ ಕೈಗೆ ಸುತ್ತಿದೆ. ಅಳುತ್ತಾಳೆಂದು ಕಾದೆ. ಅಳಲಿಲ್ಲ.

“ಮಿಸ್, ಅವನಿಗೆ ಕುಣಿಯೋಕೆ ಬರುತ್ತೆ. ಕಾಮಾ ಹಾಕೋಕೆ ಬರುತ್ತಾ?”

ನನಗೆ ಗೊತ್ತಿಲ್ಲ ಎಂದೆ.

“ನಿಮಗೆ ಬರುತ್ತಾ?”

ಬರುತ್ತದೆ ಎಂದೆ.

“ಹಂಗಾದ್ರೆ ಹೇಳ್ಕೊಡಿ. ಕೂತ್ಕೊಂಡು.”

ನನಗೆ ಚೂರಿಯ ಭಾಷೆಯೊಂದೇ ಗೊತ್ತಿತ್ತು. ಅದರಲ್ಲೇ ಹೇಳಿಕೊಟ್ಟೆ. ಪೂರ್ಣವಿರಾಮವೆಂದರೆ ತಲೆ ಕಡಿಯುವುದು, ಆ ಮೀನು ಮುಗಿಯಿತು. ಅಲ್ಪವಿರಾಮವೆಂದರೆ ಚೂರಿಯನ್ನು ಕೊಂಚ ಎತ್ತುವುದು, ಮೀನನ್ನು ಬಿಡುವುದಲ್ಲ. ಕಟ್ಟೆಯ ಮೇಲೆ ಹ್ಯಾಡಕ್, ಕಾಡ್, ಸ್ಕೇಟ್ ಮೀನುಗಳು ಸಾಲಾಗಿ ಮಲಗಿದ್ದರೆ ಒಂದರ ಮೈ ಇನ್ನೊಂದಕ್ಕೆ ತಾಗಬಾರದು, ನಡುವೆ ಬೆರಳಿನ ಸಂದು ಬೇಕು. ಪಟ್ಟಿ ಮಾಡುವಾಗಲೂ ಹಾಗೆಯೇ. ಯಾರನ್ನಾದರೂ ಹೆಸರು ಹಿಡಿದು ಕರೆದರೆ, ಕರೆದ ಮೇಲೆ ಅವರು ತಿರುಗಿ ನೋಡುವಷ್ಟು ಹೊತ್ತು ಕೊಡಬೇಕು. ಮಾತಿಗೆ ಮೊದಲು ಕಾಲವನ್ನೋ ಜಾಗವನ್ನೋ ಹೇಳಿದರೆ, ಅದನ್ನು ಇಳಿಸಿ ಆಮೇಲೆ ಮಾತು ಎತ್ತಬೇಕು. ಎರಡು ಇಡೀ ಮೀನುಗಳನ್ನು ಒಂದು ಕೂದಲಿನಿಂದ ಕಟ್ಟಿದರೆ ನಿಲ್ಲುವುದಿಲ್ಲ. ಎರಡು ಇಡೀ ವಾಕ್ಯಗಳನ್ನು ಬರೀ ಅಲ್ಪವಿರಾಮದಿಂದ ಕಟ್ಟಿದರೂ ನಿಲ್ಲುವುದಿಲ್ಲ. ಕೊನೆಯದು ಮುಳ್ಳಿನ ನಿಯಮ. ಹ್ಯಾಡಕ್ಕಿನ ಪಕ್ಕೆಯಲ್ಲಿ ಸಣ್ಣ ಮುಳ್ಳುಗಳ ಒಂದು ಸಾಲು ಉಂಟು. ಅದರ ಆಚೆಗೊಂದು ಈಚೆಗೊಂದು ಗೀರು ಹಾಕಿದರೆ ಆ ಸಾಲು ಎದ್ದು ಬರುತ್ತದೆ, ಮಾಂಸ ಇಡಿಯಾಗಿಯೇ ಉಳಿಯುತ್ತದೆ. ವಾಕ್ಯದ ನಡುವೆ ಹೆಚ್ಚಿನ ಮಾತೊಂದನ್ನು ಸೇರಿಸಿದರೂ ಆಚೆ ಈಚೆ ಎರಡು ಗೀರು. ಅದನ್ನು ತೆಗೆದರೂ ವಾಕ್ಯ ನಿಲ್ಲಬೇಕು.

ಲೆಮಿ ಗಲ್ಲಕ್ಕೆ ಕೈಕೊಟ್ಟು ಕೇಳಿದಳು. ಶೌಚಾಲಯದ ಬಾಗಿಲು ನಾಲ್ಕು ಸಲ ತೆರೆದು ಮುಚ್ಚಿತು.

“ಇಷ್ಟೇನಾ ಮಿಸ್? ಇಷ್ಟಕ್ಕೆ ಇನ್ನೂರು ಜನ ಕೈ ಬೀಸ್ಬೇಕಾ?”

ಒಂದು ವಾರದಲ್ಲಿ ಅವಳು ನನ್ನ ತಪ್ಪು ಹಿಡಿಯತೊಡಗಿದಳು.

ಆ ತಿಂಗಳ ಕೊನೆಯಲ್ಲಿ ಅವಳು ಮೂರು ಪುಟ ಬರೆದಳು. ಪೆನ್ಸಿಲಿನಲ್ಲಿ. ನಮ್ಮ ಶಾಲೆಯಲ್ಲಿ ಪೆನ್ನು ಹಿಡಿಯಲು ಪರವಾನಗಿ ಬೇಕು. ಅಕ್ಷರ ದುಂಡಗಾಯಿತೆಂದು ಟೀಚರ್ ಒಪ್ಪಿದರೆ ಮಗುವಿಗೆ ಹೆಸರು ಬರೆದ ಕಾರ್ಡು, ಜೊತೆಗೊಂದು ನೀಲಿ ಪೆನ್ನು. ಎಂಟನೆಯ ವಯಸ್ಸಿಗೆ ಹೆಚ್ಚಿನವರಿಗೆ ಸಿಗುತ್ತದೆ. ಲೆಮಿಗೆ ಸಿಕ್ಕಿರಲಿಲ್ಲ. ಕಾರಿಡಾರಿಗೆ ಬಂದು ಅವಳ ಅಕ್ಷರ ನೋಡುವ ಪುರಸೊತ್ತು ಯಾರಿಗೂ ಆಗಿರಲಿಲ್ಲ. ಊದಿದ ಬೆರಳುಗಳಲ್ಲಿ ಪೆನ್ಸಿಲನ್ನು ಒತ್ತಿ ಹಿಡಿಯಲಾಗದೆ ಅವಳು ಅದನ್ನು ಎರಡು ಬೆರಳ ತುದಿಯಲ್ಲಿ ತೇಲಿಸಿ ಬರೆದಳು. ಹೊಗೆಯಷ್ಟು ಹಗುರವಾದ ಬರವಣಿಗೆ. ಒಂದು ಕಡೆ ಹೀಗಿತ್ತು:

‘ಹಳದಿ ಕಂಡರೆ ನೀವು ತಡವಾಗಿ ಬಂದಿದ್ದೀರಿ. ಮೊಗ್ಗು ಹಸಿರಾಗಿ, ಬಾತಿನ ಕತ್ತಿನ ಹಾಗೆ ಬಾಗಿರುವಾಗಲೇ, ದಂಟನ್ನು ಬುಡದಲ್ಲಿ ಮುರಿಯಬೇಕು. ನನ್ನ ಅಜ್ಜಿ, ಬೆನ್ನು ಮೊದಲೇ ಬಾಗಿರುವವಳು, ಬಗ್ಗದೆ ಕೀಳುತ್ತಾಳೆ. ಹೂವಿನ ಹಾಲು ಬೆರಳಿಗೆ, ಮಣಿಕಟ್ಟಿಗೆ, ಕತ್ತಿಗೆ ಮತ್ತು ಕಣ್ಣಿಗೆ ಹತ್ತುತ್ತದೆ. ಹತ್ತು ದಂಟು ಆದ ಮೇಲೆ, ಕಟ್ಟಲು ಒಂದು ರಬ್ಬರ್ ಬ್ಯಾಂಡು. ಅದು ಅಂಗಡಿಯಲ್ಲಿ ಅರಳುತ್ತದಂತೆ. ನಾವು ಯಾರೂ ನೋಡಿಲ್ಲ.’

ಒಂದು ಅಲ್ಪವಿರಾಮವನ್ನೂ ನಾನು ಹೇಳಿ ಹಾಕಿಸಲಿಲ್ಲ. ಒಂದು ಕಡೆ ನನಗೆ ಬೇಕೆನಿಸಿತ್ತು. ಅವಳು, ಅಲ್ಲಿ ನಾನು ನಿಲ್ಲಲ್ಲ ಮಿಸ್, ಎಂದು ಮುಗಿಸಿದಳು. ಪುಸ್ತಕವನ್ನು ನಾನು ಒಳಗೆ ಕೊಂಡೊಯ್ದು ಮಿಸ್ ಪ್ರಿಡ್ಜನ್ನಳ ಮೇಜಿನ ಮೇಲಿಟ್ಟೆ. ಅವಳು ತೆರೆಯಲಿಲ್ಲ. ತೆರೆಯುವ ಅಗತ್ಯವಿರಲಿಲ್ಲ. ಬರವಣಿಗೆಯಲ್ಲಿ ಲೆಮಂಟೀನಾ ಬಕ್ಲಂಡ್ ಮಟ್ಟ ಮುಟ್ಟಿಲ್ಲ ಎಂದು ಫೆಬ್ರವರಿಯಲ್ಲೇ ನಮೂದಾಗಿತ್ತು. ಆಗ ಅವಳು ಹೊಲದಲ್ಲಿದ್ದಳು.

ಜೂನ್ ತಿಂಗಳಲ್ಲಿ ಕೌನ್ಸಿಲ್ಲಿನಿಂದ ಫೋನು ಬಂತು. ಆರನೆಯ ತರಗತಿಯ ಬರವಣಿಗೆಗೆ ಶಾಲೆಯೇ ಕೊಟ್ಟ ದರ್ಜೆಗಳನ್ನು ತಾಳೆ ನೋಡಲು ಮಂಗಳವಾರ ಪರಿಶೀಲಕಿಯೊಬ್ಬರು ಬರುತ್ತಾರೆ. ಅವರು ನೋಡುವ ಅಂಶಗಳ ಪಟ್ಟಿಯಲ್ಲಿ ಅಲ್ಪವಿರಾಮದ ಸರಿಯಾದ ಬಳಕೆಗೆ ಒಂದು ಕಲಮೇ ಇತ್ತು. ಹಾಲ್ಡನ್‌ಬಿ ಮಟ್ಟ ಮುಟ್ಟಿದ್ದಾರೆಂದು ಬರೆದಿದ್ದ ಮಕ್ಕಳಲ್ಲಿ ಹನ್ನೊಂದು ಮಂದಿಯ ಪುಸ್ತಕಗಳು ಅಲ್ಪವಿರಾಮದ ಮಟ್ಟಿಗೆ ಬರೀ ಬಯಲು.

ಶುಕ್ರವಾರ ಮಧ್ಯಾಹ್ನ ಅವರು ನನ್ನನ್ನು ಆಟದ ಸಾಮಾನಿನ ಕೋಣೆಗೆ ಕರೆದರು. ಚೆಂಡುಗಳ ಬಲೆಯ ಪಕ್ಕ ಒಂದು ಸಣ್ಣ ಕುರ್ಚಿ, ಮಕ್ಕಳದ್ದು. ಬೆಂಚಿನ ಮೇಲೆ ಹನ್ನೊಂದು ಪುಸ್ತಕ. ಹನ್ನೊಂದು ನೀಲಿ ಪೆನ್ನು. ಒಂದೊಂದರ ಶಾಯಿಯೂ ಕೊಂಚ ಬೇರೆಯಾದ್ದರಿಂದ ಆಯಾ ಮಗುವಿನ ಪೆನ್ನನ್ನೇ ತಂದಿದ್ದರು.

“ಗ್ಲೆನ್, ನಿಮ್ಮ ಕೈ ಅಚ್ಚುಕಟ್ಟು. ಮಕ್ಕಳಿಗೆ ಗೊತ್ತಿದೆ, ಕಾಮಾ ಹಾಕೋಕೆ ಮರೆತಿದ್ದಾರೆ ಅಷ್ಟೇ. ಸ್ವಲ್ಪ ಓರಣ ಮಾಡಿಬಿಡಿ.”

ಸುಳ್ಳಿಗೆ ಅವರಿಟ್ಟ ಹೆಸರು ಓರಣ. ನಾನು ಬಾಯಿ ತೆರೆಯುವ ಮೊದಲೇ, ಜುಲೈಯಲ್ಲಿ ನಿಮ್ಮ ಕರಾರು ನವೀಕರಿಸುವ ವಿಷಯವನ್ನೂ ಮಾತಾಡಬೇಕು, ನೆನಪಿಸಿ ಎಂದರು. ಲೆಮಿಯ ಪುಸ್ತಕ ಎಲ್ಲಿ ಎಂದು ಕೇಳಿದೆ. ಅದು ಬೇಡ ಎಂದರು. ಆ ಜನ ಬೇಸಿಗೆಗೆ ಎತ್ತ ಹೋಗುತ್ತಾರೋ ಯಾರಿಗೆ ಗೊತ್ತು, ಅವಳ ಮೇಲೆ ಶ್ರಮ ಹಾಕುವುದು ಬೇರೆ ಮಕ್ಕಳಿಗೆ ಅನ್ಯಾಯ ಎಂದರು. ಅನ್ಯಾಯ ಎಂಬ ಮಾತನ್ನು ಅವರು ನುಣ್ಣಗೆ ಉಚ್ಚರಿಸಿದರು.

ನಾನು ಹಾಕಿದೆ. ಇದನ್ನು ಮುಚ್ಚಿಡುವುದಿಲ್ಲ. ನನ್ನ ಬೆರಳಿನ ಗಂಟುಗಳು ಮೀನಿನ ಕಟ್ಟೆಗೆ ಇನ್ನು ಒಗ್ಗುತ್ತಿರಲಿಲ್ಲ. ಬೇರೆ ಕೆಲಸ ಗೊತ್ತಿರಲಿಲ್ಲ. ಮೊಣಕಾಲು ಎದೆಗೆ ತಾಗುವ ಆ ಕುರ್ಚಿಯಲ್ಲಿ ಮೂರು ಗಂಟೆ ಕುಳಿತು ಹನ್ನೊಂದು ಮಕ್ಕಳ ಬರವಣಿಗೆಗೆ ಗೀರು ಹಾಕಿದೆ. ಮಿಸ್ ಪ್ರಿಡ್ಜನ್ ಬಾಗಿಲ ಹೊರಗೆ ಕಾವಲು ನಿಂತಿದ್ದಳು. ಒಮ್ಮೆ ಒಳಗೆ ಇಣುಕಿ, ಟೀ ತರಲೇ ಎಂದು ಕೇಳಿದಳು. ಬೇಡವೆಂದೆ. ಆ ಮಕ್ಕಳು ಪಕ್ಕದ ಸಭಾಂಗಣದಲ್ಲಿ ಸುಯ್ ಎನ್ನುತ್ತಿದ್ದರು. ಅವರು ಗಾಳಿಯಲ್ಲಿ ತಿರುವಿದ್ದನ್ನು ನಾನು ಕಾಗದದ ಮೇಲೆ ಕದ್ದು ಹಾಕುತ್ತಿದ್ದೆ.

ಮಂಗಳವಾರ ಪರಿಶೀಲಕಿ ಮಿಸೆಸ್ ಕ್ವಿಂಟನ್ ಬಂದರು. ಬೂದು ಕೋಟು, ದಾರ ಕಟ್ಟಿದ ಕನ್ನಡಕ. ಹಾಲ್ಡನ್‌ಬಿ ಅವರಿಗೆ ಶಾರ್ಟ್‌ಬ್ರೆಡ್ ಬಿಸ್ಕತ್ತು ತರಿಸಿದರು. ಆ ಹೆಂಗಸು ಬಿಸ್ಕತ್ತು ಮುಟ್ಟಲಿಲ್ಲ. ಹನ್ನೊಂದರಲ್ಲಿ ಐದು ಪುಸ್ತಕ ತಿರುವಿ ತಲೆಯಾಡಿಸಿದರು. ಆಮೇಲೆ, ಮಟ್ಟ ಮುಟ್ಟದವರ ಪುಸ್ತಕವನ್ನೂ ಒಂದು ಕೊಡಿ ಎಂದರು. ನಿಯಮ ಹಾಗಿತ್ತು. ಹಾಲ್ಡನ್‌ಬಿ ಆ ನಿಯಮವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕೆಳಗಿನವರನ್ನು ಯಾರಾದರೂ ಓದಿಯಾರು ಎಂಬ ಯೋಚನೆಯೇ ಅಂಥವರಿಗೆ ಬರುವುದಿಲ್ಲ. ಕೈಗೆ ಸಿಕ್ಕಿದ್ದನ್ನು ಕೊಟ್ಟರು. ಸಿಕ್ಕಿದ್ದು ಲೆಮಿಯದು.

ಹತ್ತು ನಿಮಿಷದ ಮೇಲೆ ನನ್ನನ್ನೂ ಲೆಮಿಯನ್ನೂ ಹೆಡ್‌ಮಾಸ್ಟರರ ಕೋಣೆಗೆ ಕರೆಸಿದರು. ಮಿಸ್ ಪ್ರಿಡ್ಜನ್ ಮೊದಲೇ ಅಲ್ಲಿದ್ದಳು, ಕಿಟಕಿಯ ಬಳಿ, ಶೂ ನೋಡುತ್ತ. ಐದು ನಿಮಿಷ ಹಿಂದೆ ಅಲ್ಲಿ ಏನು ನಡೆದಿತ್ತೆಂದು ಅವಳೇ ಆಮೇಲೆ ನನಗೆ ಹೇಳಿದಳು. ಈ ಮಗು ಯಾಕೆ ಮಟ್ಟ ಮುಟ್ಟಿಲ್ಲ ಎಂದು ಮಿಸೆಸ್ ಕ್ವಿಂಟನ್ ಕೇಳಿದರಂತೆ. ಈ ಪುಟಗಳನ್ನು ನಾವು ತೆರೆದೇ ನೋಡಲಿಲ್ಲ ಎಂದು ಹೇಳಲಾದೀತೆ? ಹಾಗಾಗಿ ಹಾಲ್ಡನ್‌ಬಿ, ಇದು ಆ ಹುಡುಗಿಯದಲ್ಲ ಎಂದುಬಿಟ್ಟರು. ಸಹಾಯಕಿ ಕಾಮಾ ಹಾಕಿಕೊಟ್ಟಿರಬೇಕು. ಹುಡುಗಿಗೆ ಪೆನ್ನಿನ ಪರವಾನಗಿಯೂ ಇಲ್ಲ. ಪೆನ್ಸಿಲಿನಲ್ಲಿದೆ ನೋಡಿ, ಯಾರು ಬೇಕಾದರೂ ಅಳಿಸಿ ಬರೆದಿರಬಹುದು.

ಹನ್ನೊಂದು ಸುಳ್ಳು ಪುಸ್ತಕಗಳು ಮೇಜಿನ ಮೇಲೆ ಮರ್ಯಾದೆಯಿಂದ ಕುಳಿತಿದ್ದವು. ಆ ಕೋಣೆಯ ಒಂದೇ ನಿಜವಾದ ಪುಸ್ತಕ ಕಟಕಟೆಯಲ್ಲಿ ನಿಂತಿತ್ತು.

ಹಾಲ್ಡನ್‌ಬಿ ಲೆಮಿಯ ಕಡೆ ಬಾಗಿದರು. ಬಾಗುವಾಗ ಉಸಿರು ಬಿಗಿಹಿಡಿದರು.

“ಮರಿ, ಯಾರೂ ಬೈಯಲ್ಲ. ಈ ಕಾಮಾಗಳನ್ನ ಯಾರು ಹಾಕಿದ್ದು?”

“ನಾನು.”

“ನಿಜ ಹೇಳ್ಬೇಕು.”

“ಹೇಳ್ದೆ.”

ಮಿಸೆಸ್ ಕ್ವಿಂಟನ್ ಒಂದು ಖಾಲಿ ಹಾಳೆ, ಒಂದು ಪೆನ್ಸಿಲ್ ಮುಂದಿಟ್ಟರು. ಅವರ ದನಿ ಒರಟಾಗಿರಲಿಲ್ಲ. ಇಲ್ಲಿಯೇ ಎರಡು ಮೂರು ವಾಕ್ಯ ಬರೆದು ತೋರಿಸಿದರೆ ಎಲ್ಲ ಇತ್ಯರ್ಥವಾಗುತ್ತದೆ ಎಂದರು. ಅವಳಿಗೆ ಬರುತ್ತಿತ್ತು. ಎರಡು ನಿಮಿಷದ ಕೆಲಸ. ಬರಿ ಕಂದಾ ಎಂದು ನಾನು ಮನಸ್ಸಿನಲ್ಲೇ ಬೇಡಿದೆ.

ಲೆಮಿ ಹಾಳೆಯನ್ನು ನೋಡಿದಳು. ಮೇಜಿನ ಮೇಲಿದ್ದ ಪುಸ್ತಕಗಳ ಅಟ್ಟಿಯನ್ನು ನೋಡಿದಳು. ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡಳು.

“ಒಳಗಿನವರಿಗೂ ಹಾಳೆ ಕೊಟ್ರಾ?”

ಗಲ್ಲ ಎತ್ತಿ ಆ ಅಟ್ಟಿಯ ಕಡೆ ತೋರಿಸಿದಳು.

“ಅವ್ರನ್ನೂ ಕರೀರಿ. ಎಲ್ರೂ ಬರೀಲಿ. ಆಗ ನಾನೂ ಬರೀತೀನಿ. ಒಬ್ಳೇ ಬರ್ಯಲ್ಲ.”

ಹಾಲ್ಡನ್‌ಬಿ ನಿಟ್ಟುಸಿರು ಬಿಟ್ಟು ಮಿಸೆಸ್ ಕ್ವಿಂಟನ್ ಕಡೆ ನೋಡಿದರು. ಬರುವುದಿಲ್ಲ, ಅದಕ್ಕೇ ಹೀಗೆ, ಎಂಬುದು ಆ ನಿಟ್ಟುಸಿರಿನ ಅರ್ಥ. ಮಿಸೆಸ್ ಕ್ವಿಂಟನ್ ಪೆನ್ಸಿಲನ್ನು ಹಿಂದಕ್ಕೆ ತೆಗೆದುಕೊಂಡರು. ಆಗ ಹಾಲ್ಡನ್‌ಬಿ ನನ್ನ ಕಡೆ ತಿರುಗಿದರು. ಅವರ ದನಿ ಅಷ್ಟು ಮೃದುವಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

“ಗ್ಲೆನ್, ನೀವೇ ಹೇಳಿಬಿಡಿ. ಕನಿಕರದಿಂದ ಮಾಡಿದ್ದೀರಿ, ಅದೇನು ಅಪರಾಧ ಅಲ್ಲ. ಇವಳ ಪುಸ್ತಕದಲ್ಲಿ ಹಾಕಿದ್ದು ನೀವು ತಾನೆ?”

ಅವರು ನನಗೆ ಬಾಗಿಲು ತೆರೆದಿಟ್ಟಿದ್ದರು. ಹೌದು ಎಂದರೆ ಸಾಕು. ಯಾರಿಗೂ ನಷ್ಟವಿಲ್ಲ. ಹುಡುಗಿಯ ದರ್ಜೆ ಇದ್ದಲ್ಲೇ ಇರುತ್ತದೆ. ಶಾಲೆ ಉಳಿಯುತ್ತದೆ. ಜುಲೈಯಲ್ಲಿ ನನ್ನ ಕರಾರು ಉಳಿಯುತ್ತದೆ. ಸುಳ್ಳು ಹೇಳಿದವಳೆಂದು ಒಂದು ಜಿಪ್ಸಿ ಹುಡುಗಿ ಕರೆಸಿಕೊಳ್ಳುತ್ತಾಳೆ, ಅಷ್ಟೇ. ಅದೇನು ಅವಳಿಗೆ ಹೊಸತೇ?

ಲೆಮಿ ನನ್ನನ್ನು ನೋಡಲಿಲ್ಲ. ನಾನು ಏನು ಹೇಳುತ್ತೇನೆಂದು ಅವಳಿಗೆ ಗೊತ್ತಿದ್ದಂತಿತ್ತು. ದೊಡ್ಡವರು ಹೇಳುವುದು ಅವಳಿಗೆ ಯಾವಾಗಲೂ ಮೊದಲೇ ಗೊತ್ತಿರುತ್ತಿತ್ತು. ಅದನ್ನು ನನಗೆ ತಡೆಯಲಾಗಲಿಲ್ಲ.

“ಹಾಕಿದ್ದೀನಿ,” ಎಂದೆ. “ಇದರಲ್ಲಲ್ಲ.”

ಅಟ್ಟಿಯ ಮೇಲಿನ ಪುಸ್ತಕ ತೆಗೆದೆ. ಹಾಲ್ಡನ್‌ಬಿ, ಗ್ಲೆನ್, ಎಂದರು. ಪುಟ ಬಿಡಿಸಿ, ಹಿಂಬದಿಗೆ ಮಗುಚಿ, ಮಿಸೆಸ್ ಕ್ವಿಂಟನ್ ಮುಂದಿಟ್ಟೆ. ಮಿಸೆಸ್ ಸ್ಟಾರ್ಕಿ, ಎಂದರು ಹಾಲ್ಡನ್‌ಬಿ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವರಿಗೆ ನನ್ನ ಮನೆತನದ ಹೆಸರು ನೆನಪಾಯಿತು.

ಹತ್ತೊಂಬತ್ತು ವರ್ಷ ಮೀನು ಕೊಯ್ದ ಕೈ ಹಗುರಾಗುವುದಿಲ್ಲ. ಚೂರಿ ಹಿಡಿದಂತೆಯೇ ಪೆನ್ನು ಹಿಡಿಯುತ್ತದೆ. ಮಗುವಿನ ಅಕ್ಷರ ಕಾಗದದ ಮೇಲೆ ಕುಳಿತಿರುತ್ತದೆ. ನನ್ನ ಗೀರು ಕಾಗದದೊಳಕ್ಕೆ ಇಳಿದಿರುತ್ತದೆ. ಮುಂಬದಿಯಲ್ಲಿ ಕಾಣುವುದಿಲ್ಲ. ಶಾಯಿ ಒಂದೇ, ಬಣ್ಣ ಒಂದೇ. ಹಿಂಬದಿಯನ್ನು ಮುಟ್ಟಿ ನೋಡಬೇಕು.

“ಬೆರಳಾಡಿಸಿ,” ಎಂದೆ.

ಮಿಸೆಸ್ ಕ್ವಿಂಟನ್ ಕನ್ನಡಕ ತೆಗೆದರು. ತೋರುಬೆರಳನ್ನು ಪುಟದ ಬೆನ್ನ ಮೇಲೆ ನಿಧಾನವಾಗಿ ಎಳೆದರು. ಬೆರಳು ಒಂದು ಕಡೆ ತಡೆಯಿತು. ಮುಂದೆ ಹೋಯಿತು. ಮತ್ತೆ ತಡೆಯಿತು.

“ಇದು?”

“ನಂದು.”

“ಇದು?”

“ಅದೂ ನಂದೇ.”

ಎರಡನೆಯ ಪುಸ್ತಕ ಬಿಡಿಸಿದೆ. ಮೂರನೆಯದು. ಹನ್ನೊಂದನ್ನೂ ಬಿಡಿಸಿದೆ. ಶುಕ್ರವಾರ ಮಧ್ಯಾಹ್ನ, ಆಟದ ಸಾಮಾನಿನ ಕೋಣೆ, ಯಾರು ಕೂರಿಸಿದರು, ಪೆನ್ನು ಯಾರು ತಂದರು, ಬಾಗಿಲಲ್ಲಿ ಯಾರಿದ್ದರು, ಎಲ್ಲವನ್ನೂ ಹೇಳಿದೆ. ಹಾಲ್ಡನ್‌ಬಿ ನನ್ನ ಮನಸ್ಸಿನ ಆರೋಗ್ಯದ ಬಗ್ಗೆ ಏನೋ ಹೇಳಿದರು. ಮಿಸೆಸ್ ಕ್ವಿಂಟನ್ ಹಾಲ್ಡನ್‌ಬಿಯ ಕಡೆ ನೋಡದೆ ಕಿಟಕಿಯ ಕಡೆ ನೋಡಿದರು. ಮಿಸ್ ಪ್ರಿಡ್ಜನ್ ಶೂಗಳಿಂದ ತಲೆ ಎತ್ತಿದಳು. ಹೌದು ಎಂದು ಒಂದೇ ಮಾತು ಹೇಳಿದಳು. ಅವಳ ಜೀವಮಾನದಲ್ಲಿ ಅದು ದೊಡ್ಡ ಭಾಷಣ.

ಕೊನೆಗೆ ಲೆಮಿಯ ಪುಸ್ತಕ. ಮಿಸೆಸ್ ಕ್ವಿಂಟನ್ ಕಣ್ಣು ಮುಚ್ಚಿ ಬೆರಳಾಡಿಸಿದರು. ಮೂರು ಪುಟದ ಬೆನ್ನೂ ನಯ. ಎಲ್ಲೂ ತಡೆಯಲಿಲ್ಲ. ಊದಿದ ಬೆರಳಿಗೆ ಒತ್ತಲಾಗಿರಲಿಲ್ಲ. ಅಕ್ಷರವೂ ಅಲ್ಪವಿರಾಮವೂ ಒಂದೇ ಹಗುರ, ಒಂದೇ ಕೈ.

“ಇದು ಇವಳದೇ,” ಎಂದರು.

ಆಮೇಲೆ ಹನ್ನೆರಡು ಪುಸ್ತಕಗಳನ್ನೂ ಸೇರಿಸಿ ಚೀಲಕ್ಕೆ ಹಾಕಲು ಹೊರಟರು. ಪುರಾವೆಯಾಗಿ ಬೇಕಿತ್ತು. ಲೆಮಿ ತನ್ನ ಪುಸ್ತಕದ ಮೇಲೆ ಕೈಯಿಟ್ಟಳು.

“ಅದು ನಂದು ಅಂದ್ರಲ್ಲ.”

ಪುಸ್ತಕ ಶಾಲೆಯ ಸ್ವತ್ತು ಎಂದರು ಹಾಲ್ಡನ್‌ಬಿ. ಅಷ್ಟಾದ ಮೇಲೂ ಆ ಬಾಯಿಗೆ ಸ್ವತ್ತು ಎಂಬ ಮಾತು ಬಂತು. ಮಿಸೆಸ್ ಕ್ವಿಂಟನ್ ಅವಳನ್ನು ಕೂರಿಸಿ ವಿವರಿಸಿದರು. ಇದನ್ನು ಕೊಂಡೊಯ್ದರೆ ನಿನ್ನ ದರ್ಜೆ ತಿದ್ದಬಹುದು, ಇಲ್ಲದಿದ್ದರೆ ತಿದ್ದಲು ಆಧಾರವಿರುವುದಿಲ್ಲ ಎಂದರು.

“ಓದಿದ್ರಲ್ಲ. ನೆನಪಿಟ್ಕೊಳ್ಳಿ.”

ಅವಳು ಪುಸ್ತಕವನ್ನು ನಟ್ಟನಡುವೆ ಬಿಡಿಸಿದಳು. ಹೊಲಿಗೆಯ ತಂತಿಯನ್ನು ಉಗುರಿನಿಂದ ಎತ್ತಿ ನೆಟ್ಟಗೆ ಮಾಡಿದಳು. ಎರಡು ತಿಂಗಳಾದರೂ ಪೂರ್ತಿ ಮಾಯದಿದ್ದ ಗಂಟಿನ ಸೀಳು ಮತ್ತೆ ಬಾಯಿ ಬಿಟ್ಟಿತು. ಗಮನಿಸಲಿಲ್ಲ. ತನ್ನ ಹಾಳೆಗಳನ್ನು ಹರಿಯದೆ ಎತ್ತಿಕೊಂಡಳು. ತಂತಿಯನ್ನು ಮತ್ತೆ ಮಡಿಚಿ, ಮುಚ್ಚಿ, ಪುಸ್ತಕವನ್ನು ಹಾಲ್ಡನ್‌ಬಿಯ ಕಡೆಗೆ ತಳ್ಳಿದಳು. ರಟ್ಟಿನ ಮೇಲೆ ಅವಳ ಹೆಸರಿತ್ತು. ಒಳಗೆ ಶಾಲೆ ಹೇಳಿ ಬರೆಸಿದ್ದು ಮಾತ್ರ ಉಳಿದಿತ್ತು.

ನನ್ನನ್ನು ಅಂದೇ ಮಧ್ಯಾಹ್ನ ತೆಗೆದುಹಾಕಿದರು. ಮೌಲ್ಯಮಾಪನದ ದಾಖಲೆ ತಿದ್ದಿದ ಅಪರಾಧಕ್ಕೆ. ಅದು ನಿಜವೇ. ಹನ್ನೊಂದು ಮಕ್ಕಳ ದರ್ಜೆಗಳು ರದ್ದಾದವು. ಹಾಲ್ಡನ್‌ಬಿಗೆ ಮೇಲಿನವರು ಸೂಕ್ತ ಮಾರ್ಗದರ್ಶನ ನೀಡಿದರಂತೆ. ಲೆಮಂಟೀನಾ ಬಕ್ಲಂಡ್, ಬರವಣಿಗೆ: ಮಟ್ಟ ಮುಟ್ಟಿಲ್ಲ. ಅದು ಹಾಗೆಯೇ ಉಳಿಯಿತು.

ನನ್ನ ಚೀಲ ಹಿಡಿದು ಗೇಟಿಗೆ ಬಂದಾಗ ಲೆಮಿಯ ಅಜ್ಜಿ ಮಹಾಲಾ ವ್ಯಾನಿಗೆ ಒರಗಿ ನಿಂತಿದ್ದಳು. ಅವಳ ಕೈಗಳೂ ಲೆಮಿಯ ಕೈಗಳೇ, ಅರವತ್ತು ವರ್ಷ ಹಳೆಯವು. ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದಳು.

“ನಮ್ಮುಡುಗಿ ಸುಳ್ಳು ಹೇಳ್ತಾಳೆ ಅಂದ್ರಂತೆ, ತಾಯೀ. ಹೇಳ್ತಾಳೆ. ನಂಗೆ ಹೇಳ್ತಾಳೆ, ಪೊಲೀಸ್ನೋರ್ಗೆ ಹೇಳ್ತಾಳೆ. ಕಾಗದಕ್ಕೆ ಯಾಕೆ ಹೇಳ್ತಾಳೆ?”

ನಾನು ತಲೆ ತಗ್ಗಿಸಿದೆ. ಲೆಮಿ ವ್ಯಾನಿನೊಳಗಿಂದ ಕೇಳಿದಳು.

“ಆ ಹನ್ನೊಂದು ಜನದ್ದು ನೀವೇ ಹಾಕಿದ್ದಾ, ಮಿಸ್?”

“ಹೂಂ.”

“ಅವ್ರಿಗೆ ಹಾಕೋಕೆ ಬರಲ್ವಾ?”

“ಯಾರೂ ಹೇಳ್ಕೊಟ್ಟಿಲ್ಲ.”

“ನೀವು ಹೇಳ್ಕೊಡಬಹುದಿತ್ತು. ಮೂರು ಗಂಟೆ ಇತ್ತಲ್ಲ.”

ಹಾಲ್ಡನ್‌ಬಿಯ ಮಾತು ನನಗೆ ತಾಗಿರಲಿಲ್ಲ. ಇದು ತಾಗಿತು. ಅವಳು ಹಾಳೆಗಳನ್ನು ಮಡಿಚಿ ಅಂಗಿಯೊಳಗೆ ಇಟ್ಟುಕೊಂಡಳು. ನನ್ನ ಮೇಲೆ ಅವಳಿಗಿದ್ದ ತಾತ್ಸಾರವನ್ನು ಅಡಗಿಸುವ ಶ್ರಮ ತೆಗೆದುಕೊಳ್ಳಲಿಲ್ಲ.

“ಕರ್ಕೊಂಡ್ಬನ್ನಿ,” ಎಂದಳು. “ನಾನು ಹೇಳ್ಕೊಡ್ತೀನಿ.”

ಹನ್ನೊಂದು ಮನೆಗಳ ಬಾಗಿಲು ತಟ್ಟಿದೆ. ಮಗುವಿನ ದರ್ಜೆ ಹಾಳು ಮಾಡಿದವಳೆಂದು ಮೂವರು ಮುಖಕ್ಕೆ ಬಾಗಿಲು ಹಾಕಿದರು. ಒಬ್ಬಳು ತಾಯಿ, ಆ ಜಾಗಕ್ಕೆ ಕಳಿಸಿದರೆ ಮಗಳಿಗೆ ಹೇನು ಹತ್ತುತ್ತದೆ ಎಂದಳು. ಅವಳು ಸೆಪ್ಟೆಂಬರಿನಲ್ಲಿ ಬಂದಿದ್ದ ಇಬ್ಬರಲ್ಲಿ ಒಬ್ಬಳು. ಮಿಕ್ಕವರಲ್ಲಿ ಕೆಲವರು ನೋಡೋಣ ಎಂದರು, ಬರಲಿಲ್ಲ.

ಶನಿವಾರ ಬೆಳಗ್ಗೆ ನಾಲ್ವರು ಮಕ್ಕಳು ಬಂದರು. ಕೊಳಚೆ ಘಟಕದ ಹಿಂದೆ, ಸಿಮೆಂಟಿನ ಹಾಸಿನ ಮೇಲೆ, ಹೂವಿನ ಖಾಲಿ ಪೆಟ್ಟಿಗೆಗಳನ್ನು ಬೋರಲು ಹಾಕಿ ಕೂತರು. ಮೂಗು ಮುಚ್ಚಿಕೊಳ್ಳಬೇಕೋ ಬೇಡವೋ ತಿಳಿಯದೆ ಒಬ್ಬರನ್ನೊಬ್ಬರು ನೋಡಿದರು. ಮಹಾಲಾ ಎಲ್ಲರಿಗೂ ಸಕ್ಕರೆ ಹೆಚ್ಚಾದ ಟೀ ಕೊಟ್ಟಳು. ನನಗೂ ಒಂದು ಪೆಟ್ಟಿಗೆ ಸಿಕ್ಕಿತು, ಕೊನೆಯಲ್ಲಿ.

ಲೆಮಿ ಅವರ ಎದುರು ನಿಂತು, ಇವತ್ತು ಕಾಮಾ, ಎಂದಳು.

ಆ ಪದ ಕಿವಿಗೆ ಬಿದ್ದದ್ದೇ ತಡ, ನಾಲ್ವರೂ ಒಟ್ಟಿಗೆ ಬಲಗೈ ಎತ್ತಿದರು. ಬೆರಳು ಮಡಚಿ, ತಿರುವಲು ಸಿದ್ಧವಾಗಿ, ಗಾಳಿಯಲ್ಲಿ ಹಿಡಿದರು. ನಗಲಿಲ್ಲ. ಅವರಿಗೆ ಗೊತ್ತಿದ್ದದ್ದು ಅಷ್ಟೇ.

ಲೆಮಿ ಆ ನಾಲ್ಕು ಕೈಗಳನ್ನು ಒಂದು ಗಳಿಗೆ ನೋಡಿದಳು.

“ಕೈ ಇಳಿಸಿ,” ಎಂದಳು. “ಪೆನ್ಸಿಲ್ ತಗೊಳ್ಳಿ.”